ನಾಲಿಗೆಯ ಉರಿ, ಬಿಗಿದ ಭುಜ ಮತ್ತು ಅಮ್ಮನನ್ನು ಕೇಳದೆ ಉಳಿದಿದ್ದ ಪ್ರಶ್ನೆ

ಚರ್ಚೆ ಆರಂಭಿಸಿದವರು

ಎಲ್ಲರಿಗೂ ನಮಸ್ಕಾರ. ನನಗೀಗ 48 ವರ್ಷ. ಕಳೆದ ಎರಡು ವರ್ಷಗಳಲ್ಲಿ ನಾನು ನಾಲ್ಕು ಬಗೆಯ ತಜ್ಞ ವೈದ್ಯರನ್ನು ಕಂಡು ಬಂದಿದ್ದೇನೆ. ಮೊದಲು ಶುರುವಾದದ್ದು ನಾಲಿಗೆಯ ಉರಿ. ತುಂಬ ಬಿಸಿಯಾದುದನ್ನು ಅವಸರದಲ್ಲಿ ಕುಡಿದು ಸುಟ್ಟುಕೊಂಡರೆ ನಾಲಿಗೆಯ ತುದಿ ಮತ್ತು ಅಂಚು ಹೇಗಿರುತ್ತದೆಯೋ ಹಾಗೆ. ಬೆಳಿಗ್ಗೆ ಎದ್ದಾಗ ಅಷ್ಟಾಗಿ ಇರುವುದಿಲ್ಲ, ಸಂಜೆಯಾಗುತ್ತ ಏರುತ್ತದೆ. ಕನ್ನಡಿಯ ಮುಂದೆ ನಾಲಿಗೆ ಚಾಚಿ ಎಷ್ಟು ಸಲ ನೋಡಿದರೂ ಹುಣ್ಣಿಲ್ಲ, ಕೆಂಪಿಲ್ಲ. ದಂತವೈದ್ಯರು ಚೂಪಾಗಿದ್ದ ಒಂದು ಹಲ್ಲಿನ ಅಂಚನ್ನು ಉಜ್ಜಿ ಕಳುಹಿಸಿದರು. ಆಮೇಲೆ ಎಡಭುಜ ಬಿಗಿಯಿತು. ಕೈಯನ್ನು ಬೆನ್ನ ಹಿಂದಕ್ಕೆ ಒಯ್ದು ಒಳಉಡುಪಿನ ಕೊಕ್ಕೆ ಹಾಕಿಕೊಳ್ಳಲಾಗದೆ, ಮುಂದಿನಿಂದ ಹಾಕಿ ತಿರುಗಿಸಿಕೊಳ್ಳುವುದನ್ನು ರೂಢಿ ಮಾಡಿಕೊಂಡೆ. ರಾತ್ರಿ ಕಾಲಿನ ಮೇಲೆ ಇರುವೆಗಳ ಸಾಲು ಹರಿದಂತಾಗಿ, ದೀಪ ಹಾಕಿ ಹಾಸಿಗೆ ಕೊಡವಿದ ದಿನಗಳೂ ಇವೆ. ಹಾಸಿಗೆಯಲ್ಲಿ ಒಂದು ಇರುವೆಯೂ ಇರಲಿಲ್ಲ. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಇವೆಲ್ಲವುಗಳ ಜೊತೆಗೆ ಬಂದು ಸೇರಿಕೊಂಡಿತು.

ಬಾಯಿಗೆ ಒಬ್ಬರು, ಮೂಳೆಗೆ ಒಬ್ಬರು, ಚರ್ಮಕ್ಕೆ ಒಬ್ಬರು, ಕಿವಿಗೆ ಒಬ್ಬರು. ಯಾರೂ ನನ್ನ ಮುಟ್ಟಿನ ವಿಚಾರ ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಂದು ತಿಂಗಳು 24 ದಿನಕ್ಕೆ ಆದರೆ ಇನ್ನೊಂದು ತಿಂಗಳು 50 ದಿನವಾದರೂ ಆಗುತ್ತಿರಲಿಲ್ಲ. ಆದರೆ ಎಲ್ಲರೂ ಹೇಳುವಂತೆ ಮೈ ಬಿಸಿಯೇರುವುದಾಗಲಿ ಬೆವರುವುದಾಗಲಿ ನನಗೆ ಆಗಲೇ ಇಲ್ಲವಾದ್ದರಿಂದ, ಮುಟ್ಟು ನಿಲ್ಲುವ ಕಾಲ ಇನ್ನೂ ಬಂದಿಲ್ಲವೆಂದೇ ತಿಳಿದಿದ್ದೆ. ಕಳೆದ ತಿಂಗಳು ಕಂಡ ಐದನೆಯ ವೈದ್ಯರು ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡು, ತಲೆಯೆತ್ತಿ, "ನಿಮ್ಮ ತಾಯಿಗೆ ಯಾವ ವಯಸ್ಸಿನಲ್ಲಿ ಮುಟ್ಟು ನಿಂತಿತು?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅಮ್ಮನ ರಕ್ತದೊತ್ತಡದ ಮಾತ್ರೆಯ ಹೆಸರು, ಕನ್ನಡಕದ ಸಂಖ್ಯೆ ಎರಡೂ ಗೊತ್ತಿರುವ ನನಗೆ ಇದು ಗೊತ್ತಿರಲಿಲ್ಲ.

ಇಲ್ಲಿರುವ ಬಲ್ಲವರಲ್ಲಿ ನನ್ನದು ಎರಡು ಪ್ರಶ್ನೆ. ಇವುಗಳಲ್ಲಿ ಯಾವುವು ನಿಜವಾಗಿಯೂ ಮೆನೋಪಾಸಿಗೆ ಸೇರಿದವು? ತಾಯಿಯಿಂದ, ಅಂದರೆ ವಂಶವಾಹಿಗಳಿಂದ, ಇದರಲ್ಲಿ ಎಷ್ಟು ಬರುತ್ತದೆ?

ಸ್ತ್ರೀರೋಗ ತಜ್ಞೆ

ಮೊದಲನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಸತತ 12 ತಿಂಗಳು ಮುಟ್ಟಾಗದಿದ್ದ ಮೇಲೆಯೇ ನಾವು ಋತುಬಂಧವಾಯಿತೆಂದು ಹೇಳುವುದು. ಅಂದರೆ ಅದು ಹಿಂತಿರುಗಿ ನೋಡಿದಾಗ ಗೊತ್ತಾಗುವ ಸಂಗತಿ. ಬಹುಪಾಲು ಮಹಿಳೆಯರಲ್ಲಿ ಇದು 45ರಿಂದ 55ರ ನಡುವೆ ಆಗುತ್ತದೆ. ಆದರೆ ತೊಂದರೆಗಳು ಅಲ್ಲಿಯವರೆಗೆ ಕಾಯುವುದಿಲ್ಲ. ಅದಕ್ಕೆ ಮುಂಚಿನ ಕೆಲವು ವರ್ಷಗಳನ್ನು ಪೆರಿಮೆನೋಪಾಸ್ ಎನ್ನುತ್ತೇವೆ, ನೀವಿರುವುದು ಅಲ್ಲಿ. ಈ ಅವಧಿಯಲ್ಲಿ ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನ್ ಒಂದೇ ಸಮನೆ ಇಳಿಯುತ್ತ ಹೋಗುತ್ತದೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಒಂದು ತಿಂಗಳು ಹರೆಯದಲ್ಲಿದ್ದುದಕ್ಕಿಂತಲೂ ಮೇಲೇರಿ, ಮುಂದಿನ ತಿಂಗಳು ತಳ ಹಿಡಿಯುವುದೂ ಉಂಟು. ಆದುದರಿಂದಲೇ ಒಂದು ದಿನದ ರಕ್ತಪರೀಕ್ಷೆ ಇಲ್ಲಿ ದಾರಿ ತಪ್ಪಿಸಬಹುದು, ಮತ್ತು 45 ದಾಟಿದವರಲ್ಲಿ ವಯಸ್ಸು, ಮುಟ್ಟಿನ ಲೆಕ್ಕ, ಲಕ್ಷಣಗಳು ಇಷ್ಟರಿಂದಲೇ ಸಾಮಾನ್ಯವಾಗಿ ನಿರ್ಧಾರಕ್ಕೆ ಬರುತ್ತೇವೆ.

ಈಸ್ಟ್ರೋಜನ್ ಗರ್ಭಕೋಶಕ್ಕೆ ಮಾತ್ರ ಸಂಬಂಧಪಟ್ಟದ್ದೆಂಬ ತಿಳಿವಳಿಕೆಯೇ ಗೊಂದಲದ ಬೇರು. ಅದನ್ನು ಹಿಡಿದುಕೊಳ್ಳುವ ಗ್ರಾಹಿಗಳು ಮಿದುಳು, ಮೂಳೆ, ಕೀಲುಗಳ ಒಳಪದರ, ಚರ್ಮ, ಬಾಯಿಯ ಲೋಳೆಪೊರೆ, ರಕ್ತನಾಳ, ಮೂತ್ರಕೋಶ, ಕಿವಿಯ ಒಳಭಾಗ ಇಲ್ಲೆಲ್ಲ ಇವೆ. ನಿಮ್ಮ ನಾಲಿಗೆಯ ಉರಿಗೆ ಬರ್ನಿಂಗ್ ಮೌತ್ ಸಿಂಡ್ರೋಮ್ ಎಂಬ ಹೆಸರಿದೆ. ಋತುಬಂಧದ ಆಸುಪಾಸಿನ ಮಹಿಳೆಯರಲ್ಲೇ ಅದು ಹೆಚ್ಚು, ಮತ್ತು ನೋಡಿದವರಿಗೆ ಏನೂ ಕಾಣಿಸದಿರುವುದೇ ಅದರ ಗುರುತು. ಆದರೆ ಆ ಹೆಸರನ್ನು ಕೊಡುವ ಮುನ್ನ ಕಬ್ಬಿಣಾಂಶ, ಬಿ12, ಥೈರಾಯ್ಡ್, ಸಕ್ಕರೆ ಇವನ್ನು ನೋಡಲೇಬೇಕು. ಭುಜ ಬಿಗಿಯುವುದು ಕೂಡ 40ರಿಂದ 60ರ ನಡುವಿನ, ಅದರಲ್ಲೂ ಹೆಂಗಸರ ತೊಂದರೆ. ಜಪಾನೀ ಭಾಷೆಯಲ್ಲಿ ಅದನ್ನು ಕರೆಯುವುದೇ "ಐವತ್ತರ ಭುಜ" ಎಂದು. ಚರ್ಮದ ಮೇಲೆ ಇರುವೆ ಹರಿದಂತಾಗುವುದಕ್ಕೆ ಫಾರ್ಮಿಕೇಶನ್ ಎನ್ನುತ್ತಾರೆ, ಲ್ಯಾಟಿನ್ನಿನಲ್ಲಿ ಇರುವೆಗೆ ಫಾರ್ಮಿಕಾ ಎಂದು ಹೆಸರು. ಋತುಬಂಧದ ನಂತರದ ಮೊದಲ ಐದು ವರ್ಷಗಳಲ್ಲಿ ಚರ್ಮದ ಕೊಲಾಜನ್ನಿನಲ್ಲಿ ಸುಮಾರು ಶೇಕಡ 30ರಷ್ಟು ಕಳೆದುಹೋಗುತ್ತದೆ. ಚರ್ಮ ಒಣಗಿ ತೆಳುವಾಗುವುದಕ್ಕೆ ಅದು ಕಾರಣ.

ನೀವು ಹೇಳದಿದ್ದರೂ ನನ್ನ ಕೋಣೆಯಲ್ಲಿ ಮಹಿಳೆಯರು ಸಂಕೋಚದಿಂದ ಕೊನೆಗೆ ಹೇಳುವ ಇನ್ನೊಂದು ಸಂಗತಿಯಿದೆ: ಮತ್ತೆ ಮತ್ತೆ ಬರುವ ಮೂತ್ರದ ಸೋಂಕು. ಈಸ್ಟ್ರೋಜನ್ ಇರುವಾಗ ಯೋನಿಯ ಗೋಡೆಯ ಕೋಶಗಳಲ್ಲಿ ಗ್ಲೈಕೋಜನ್ ಇರುತ್ತದೆ, ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಅದನ್ನು ಅವಲಂಬಿಸಿ ಆಮ್ಲವನ್ನು ಉಂಟುಮಾಡುತ್ತವೆ, ಆ ಆಮ್ಲ ಹೊರಗಿನ ರೋಗಾಣುಗಳನ್ನು ತಡೆಯುತ್ತದೆ. ಈಸ್ಟ್ರೋಜನ್ ಇಳಿದಾಗ ಈ ಕಾವಲು ಸಡಿಲಗೊಳ್ಳುತ್ತದೆ. ವರ್ಷಕ್ಕೆ ನಾಲ್ಕೈದು ಸಲ ಆ್ಯಂಟಿಬಯಾಟಿಕ್ ನುಂಗುತ್ತಿದ್ದವರಲ್ಲಿ, ಆ ಜಾಗಕ್ಕಷ್ಟೇ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮಿನಿಂದ ಸೋಂಕು ವಿರಳವಾದುದನ್ನು ನಾನು ಕಂಡಿದ್ದೇನೆ. ಮೈ ಬಿಸಿಯೇರುವುದು ಹೆಚ್ಚಿನವರಲ್ಲಿ ಕಾಲಕ್ರಮದಲ್ಲಿ ತಗ್ಗುತ್ತದೆ, ಆದರೆ ಈಸ್ಟ್ರೋಜನ್ ಇಳಿದು ಯೋನಿ ಒಣಗುವುದು ತಾನಾಗಿ ಹೋಗುವುದಿಲ್ಲ. ಆದ್ದರಿಂದ ದಯವಿಟ್ಟು ಇದನ್ನು ಕೊನೆಗೆ ಇಟ್ಟುಕೊಳ್ಳಬೇಡಿ, ಮೊದಲೇ ಹೇಳಿ.

ಓದುಗರೊಬ್ಬರು

ಡಾಕ್ಟರ ಮಾತನ್ನು ಒಪ್ಪುತ್ತಲೇ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ನನಗೆ 50ನೇ ವಯಸ್ಸಿನಲ್ಲಿ ಎದೆ ಹೊಡೆದುಕೊಳ್ಳಲು ಶುರುವಾಯಿತು, ಬೆವರು, ಕೈ ನಡುಕ, ನಿದ್ದೆಯಿಲ್ಲ. ಮನೆಯವರು, ಗೆಳತಿಯರು, ಒಬ್ಬ ವೈದ್ಯರು ಸಹ "ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ" ಎಂದರು. ಏಳು ತಿಂಗಳ ಬಳಿಕ, ಎಂಟು ಕಿಲೋ ತೂಕ ಇಳಿದ ಮೇಲೆ, ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿರುವುದು ಗೊತ್ತಾಯಿತು. ಹಿಂದೆ ಯಾವುದನ್ನೂ ಮುಟ್ಟಿಗೆ ಸೇರಿಸದೆ ತಪ್ಪು ಮಾಡಿದ್ದಾರೆ ನಿಜ. ಈಗ ಎಲ್ಲವನ್ನೂ ಅದಕ್ಕೇ ಸೇರಿಸಿ ಇನ್ನೊಂದು ತಪ್ಪು ಆಗಬಾರದು.

ಸ್ತ್ರೀರೋಗ ತಜ್ಞೆ

ಇದನ್ನು ನೀವು ಬರೆದದ್ದು ಒಳ್ಳೆಯದಾಯಿತು. ಎದೆ ಹೊಡೆದುಕೊಂಡರೆ ಇಸಿಜಿ ಮತ್ತು ಥೈರಾಯ್ಡ್ ಪರೀಕ್ಷೆ, ಹೆಚ್ಚು ರಕ್ತಸ್ರಾವವಿದ್ದರೆ ಹಿಮೋಗ್ಲೋಬಿನ್ ಮತ್ತು ಕಬ್ಬಿಣಾಂಶ. ಇನ್ನು ಮುಟ್ಟು ಪೂರ್ತಿ ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಅದನ್ನು ಮತ್ತೆ ಬಂದ ಮುಟ್ಟು ಎಂದು ತಳ್ಳಿಹಾಕುವಂತಿಲ್ಲ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು.

ಶಾಲಾ ಶಿಕ್ಷಕಿ

ನನ್ನದು ನೋವಲ್ಲ, ಮರೆವು. ಇಪ್ಪತ್ತು ವರ್ಷ ಪಾಠ ಮಾಡಿದ ತರಗತಿಯಲ್ಲಿ ಒಂದು ದಿನ ಕಪ್ಪುಹಲಗೆಯ ಮುಂದೆ ನಿಂತು, ಕೈಯಲ್ಲಿ ಹಿಡಿದ ವಸ್ತುವಿನ ಹೆಸರು ನೆನಪಾಗದೆ, "ಅದೇ, ಒರೆಸುವುದು" ಎಂದೆ. ನನ್ನ ಅಜ್ಜಿಗೆ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಇತ್ತಾದ್ದರಿಂದ, ನನಗೂ ಅದೇ ಶುರುವಾಯಿತೆಂದು ಆ ರಾತ್ರಿ ಅತ್ತಿದ್ದೆ. ಇದಕ್ಕೂ ಈ ವಯಸ್ಸಿಗೂ ಸಂಬಂಧವಿದೆಯೇ ಮೇಡಂ?

ಸ್ತ್ರೀರೋಗ ತಜ್ಞೆ

ಇದೆ. ಅಮೆರಿಕದಲ್ಲಿ 1996ರಲ್ಲಿ ಆರಂಭವಾದ ಸ್ವಾನ್ ಎಂಬ ದೀರ್ಘ ಅಧ್ಯಯನದಲ್ಲಿ ಸುಮಾರು 3,300 ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ, ಹೊಸದನ್ನು ಕಲಿತು ನೆನಪಿಟ್ಟುಕೊಳ್ಳುವ ವೇಗ ಪೆರಿಮೆನೋಪಾಸಿನಲ್ಲಿ ಕುಂದಿ, ಋತುಬಂಧದ ನಂತರ ಮತ್ತೆ ಚೇತರಿಸಿಕೊಂಡುದು ಕಂಡುಬಂತು. ಪದ ತಡವರಿಸುವುದು, ಬೇಕಾದ ಹೆಸರು ನಾಲಿಗೆಯ ತುದಿಯಲ್ಲೇ ಉಳಿಯುವುದು ಇವು ಈ ಕಾಲದ ಮಂಕು. ನಿತ್ಯ ಓಡಾಡುವ ದಾರಿಯೇ ತಪ್ಪುವುದು, ವಸ್ತುವಿನ ಉಪಯೋಗವೇ ಮರೆಯುವುದು ಬೇರೆ ಸಂಗತಿ. ನಿಮಗೆ ಅದು ಒರೆಸುವುದಕ್ಕೆಂದು ತಿಳಿದಿತ್ತು, ಹೆಸರು ಮಾತ್ರ ಸಿಗಲಿಲ್ಲ. ಆದರೂ ಕಾಡುತ್ತಿದ್ದರೆ ಒಮ್ಮೆ ತೋರಿಸಿ, ಸಂಶಯವನ್ನು ಒಳಗೇ ಇಟ್ಟುಕೊಂಡು ನಿದ್ದೆಗೆಡಬೇಡಿ. ನಿದ್ದೆಗೆಟ್ಟರೆ ಮರೆವು ಇನ್ನೂ ಹೆಚ್ಚುತ್ತದೆ.

ತಳಿವಿಜ್ಞಾನದ ಪ್ರಾಧ್ಯಾಪಕಿ

ಚರ್ಚೆ ಆರಂಭಿಸಿದವರ ಎರಡನೆಯ ಪ್ರಶ್ನೆ ನನ್ನ ವಿಷಯಕ್ಕೆ ಸೇರಿದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಯಾವ ವಯಸ್ಸಿಗೆ ಮುಟ್ಟು ನಿಲ್ಲುತ್ತದೆ ಎಂಬುದರಲ್ಲಿ ಮಹಿಳೆಯರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧಪಾಲು ವಂಶವಾಹಿಗಳಿಂದ ಬರುತ್ತದೆಂದು ಅವಳಿ ಸೋದರಿಯರ ಮತ್ತು ತಾಯಿ-ಮಗಳ ಅಧ್ಯಯನಗಳು ತೋರಿಸಿವೆ. ತಾಯಿಗೆ 45ರೊಳಗೆ ನಿಂತಿದ್ದರೆ ಮಗಳಿಗೂ ಬೇಗ ನಿಲ್ಲುವ ಸಂಭವ ಹಲವು ಪಟ್ಟು ಹೆಚ್ಚು. ಉಳಿದ ಪಾಲಿನಲ್ಲಿ ಧೂಮಪಾನ ದೊಡ್ಡದು, ಅದರಿಂದ ಋತುಬಂಧ ಒಂದೆರಡು ವರ್ಷ ಮೊದಲೇ ಬರುತ್ತದೆ.

ಹೀಗೇಕೆ ಎಂಬುದನ್ನು ತಿಳಿಯಲು ಅಂಡಾಶಯದ ಒಳಗೆ ನೋಡಬೇಕು. ಹೆಣ್ಣು ಭ್ರೂಣಕ್ಕೆ ಐದು ತಿಂಗಳಾಗುವ ಹೊತ್ತಿಗೆ ಅದರ ಅಂಡಾಶಯಗಳಲ್ಲಿ 60ರಿಂದ 70 ಲಕ್ಷ ಅಂಡಕೋಶಗಳಿರುತ್ತವೆ. ಹುಟ್ಟುವಾಗ 10ರಿಂದ 20 ಲಕ್ಷ, ಮೈನೆರೆಯುವಾಗ ಮೂರು ನಾಲ್ಕು ಲಕ್ಷ, ಮುಟ್ಟು ನಿಲ್ಲುವಾಗ ಸುಮಾರು ಒಂದು ಸಾವಿರ. ಇವುಗಳಲ್ಲಿ ತಿಂಗಳು ತಿಂಗಳು ಬಿಡುಗಡೆಯಾಗುವುದು ಇಡೀ ಜೀವಮಾನದಲ್ಲಿ ನಾನೂರು ಐನೂರು ಮಾತ್ರ. ಮಿಕ್ಕವೆಲ್ಲ ಒಳಗೇ ಅಳಿಯುತ್ತವೆ. ಅಳಿಯುವುದೇಕೆ? ತಾಯಿಯಿಂದ ಮತ್ತು ತಂದೆಯಿಂದ ಬಂದ ವರ್ಣತಂತುಗಳು ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುವುದಕ್ಕಾಗಿ, ಭ್ರೂಣಾವಸ್ಥೆಯಲ್ಲೇ ಅಂಡಕೋಶವು ತನ್ನ ಡಿಎನ್‌ಎಯನ್ನು ತಾನೇ ಹಲವೆಡೆ ಕತ್ತರಿಸಿ ಮತ್ತೆ ಬೆಸೆಯುತ್ತದೆ. ಆಮೇಲೆ ಅದೇ ಸ್ಥಿತಿಯಲ್ಲಿ ಮೂವತ್ತು ನಲವತ್ತು ವರ್ಷ ಕಾದು ಕುಳಿತಿರುತ್ತದೆ, ಮತ್ತು ಆ ಅವಧಿಯಲ್ಲಿ ಇನ್ನಷ್ಟು ಹಾನಿ ಸೇರುತ್ತದೆ. ಬೆಸುಗೆ ಸರಿಯಾಗದ ಕೋಶವನ್ನು ಗುರುತಿಸಿ ಕೊನೆಗೊಳಿಸುವ ತಪಾಸಣಾ ವ್ಯವಸ್ಥೆಯೂ ಅಲ್ಲಿದೆ. ಬೆಸೆಯುವ ಜೀನ್‌ಗಳು ಎಷ್ಟು ಚುರುಕು, ತಪಾಸಣೆ ಮಾಡುವ ಜೀನ್‌ಗಳು ಎಷ್ಟು ಕಟ್ಟುನಿಟ್ಟು ಎಂಬುದರ ಮೇಲೆ ದಾಸ್ತಾನು ಎಷ್ಟು ಕಾಲ ಬಾಳುತ್ತದೆಂಬುದು ನಿಂತಿದೆ.

2021ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ, ಯುರೋಪ್ ಮೂಲದ ಸುಮಾರು ಎರಡು ಲಕ್ಷ ಮಹಿಳೆಯರ ಡಿಎನ್‌ಎ ಪರಿಶೀಲಿಸಿದ ಅಧ್ಯಯನವು, ಋತುಬಂಧದ ವಯಸ್ಸಿಗೆ ಸಂಬಂಧಿಸಿದ 290 ತಾಣಗಳನ್ನು ಗುರುತಿಸಿತು, ಅವುಗಳಲ್ಲಿ ಬಹಳಷ್ಟು ಈ ಡಿಎನ್‌ಎ ದುರಸ್ತಿಗೆ ಸೇರಿದವೇ. ಅದರಲ್ಲಿ ನನ್ನನ್ನು ಬಹಳ ಕಾಲ ಯೋಚನೆಗೆ ಹಚ್ಚಿದ ಜೀನ್ ಚೆಕ್2. ಅದರ ಒಂದು ಪ್ರತಿ ಕೆಟ್ಟಿರುವ ಮಹಿಳೆಯರಲ್ಲಿ ಮುಟ್ಟು ಸರಾಸರಿ ಮೂರೂವರೆ ವರ್ಷ ತಡವಾಗಿ ನಿಲ್ಲುತ್ತದೆ, ಏಕೆಂದರೆ ತಪಾಸಣೆ ಸಡಿಲವಾಗಿ ಅಂಡಕೋಶಗಳು ಹೆಚ್ಚು ಉಳಿಯುತ್ತವೆ. ಆದರೆ ಅದೇ ಜೀನ್ ಕೆಟ್ಟಿದ್ದರೆ ಸ್ತನಕ್ಯಾನ್ಸರಿನ ಅಪಾಯವೂ ಏರುತ್ತದೆ; ಅಂಡಾಶಯದಲ್ಲಿ ದಾಸ್ತಾನು ಉಳಿಸಿದ ಸಡಿಲಿಕೆ ಸ್ತನದಲ್ಲಿ ಕೆಟ್ಟ ಕೋಶವನ್ನೂ ಉಳಿಸಿಬಿಡಬಲ್ಲದು. ಜೀನುಗಳನ್ನು ಒಳ್ಳೆಯವು, ಕೆಟ್ಟವು ಎಂದು ಬೇರ್ಪಡಿಸಿ ಮಾತಾಡುವವರನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಲಕ್ಷಣಗಳಲ್ಲೂ ವಂಶವಾಹಿಯ ಪಾತ್ರವಿದೆ. ಮೈ ಬಿಸಿಯೇರುವಿಕೆ ಮಿದುಳಿನ ಹೈಪೊಥಲಾಮಸ್ಸಿನಲ್ಲಿ ಹುಟ್ಟುತ್ತದೆ; ಈಸ್ಟ್ರೋಜನ್ ಇಳಿದಾಗ ಅಲ್ಲಿನ ಕೆಲವು ನರಕೋಶಗಳು ನ್ಯೂರೊಕೈನಿನ್ ಬಿ ಎಂಬ ರಾಸಾಯನಿಕದ ಮೂಲಕ ಅತಿಯಾಗಿ ಕೆರಳಿ, ದೇಹದ ತಾಪವನ್ನು ನಿಯಂತ್ರಿಸುವ ಕೇಂದ್ರವನ್ನು ಹದಗೆಡಿಸುತ್ತವೆ. 17,000ಕ್ಕೂ ಹೆಚ್ಚು ಮಹಿಳೆಯರನ್ನು ಪರಿಶೀಲಿಸಿದ 2017ರ ಅಧ್ಯಯನವೊಂದರಲ್ಲಿ, ಬಿಸಿಯೇರುವಿಕೆಗೆ ಸಂಬಂಧ ಕಂಡುಬಂದ ವ್ಯತ್ಯಾಸಗಳೆಲ್ಲ ಆ ರಾಸಾಯನಿಕದ ಗ್ರಾಹಿಯನ್ನು ನಿರ್ಮಿಸುವ ಟಿಎಸಿಆರ್3 ಎಂಬ ಒಂದೇ ಜೀನಿನಲ್ಲಿ ಇದ್ದವು. ಆ ಗ್ರಾಹಿಯನ್ನು ತಡೆಯುವ, ಹಾರ್ಮೋನ್ ಅಲ್ಲದ ಫೆಜೊಲಿನೆಟಾಂಟ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ದೊರೆಯಿತು.

ಮುಟ್ಟು ಬೇಗ ನಿಂತ ಸದಸ್ಯೆ

ಪ್ರಾಧ್ಯಾಪಕಿಯವರ ಬರಹವನ್ನು ಎರಡು ಸಲ ಓದಿದೆ. ನನಗೆ ಮುಟ್ಟು ನಿಂತದ್ದು 34ಕ್ಕೆ. ಮೊದಲು ಒತ್ತಡವೆಂದರು, ಆಮೇಲೆ ಗರ್ಭಿಣಿಯಿರಬಹುದೆಂದರು. ಅಮ್ಮನಿಗೆ 52ಕ್ಕೆ ನಿಂತಿತ್ತು, ಹಾಗಾಗಿ ವಂಶದಲ್ಲಿ ಏನೂ ಇಲ್ಲವೆಂದು ಎಲ್ಲರೂ ನಂಬಿದ್ದೆವು. ಒಬ್ಬ ವೈದ್ಯೆ ಮಾತ್ರ ಮನೆತನದ ನಕ್ಷೆ ಬಿಡಿಸಿ, ತಂದೆಯ ಕಡೆಯವರ ಬಗ್ಗೆ ಕೇಳಿದರು. ಅಪ್ಪನಿಗೆ 60 ದಾಟಿದ ಮೇಲೆ ಲೋಟ ಎತ್ತುವಾಗ ಕೈ ನಡುಗುತ್ತಿತ್ತು, ನಡೆಯುವಾಗ ತೂಕ ತಪ್ಪುತ್ತಿತ್ತು, ವಯಸ್ಸಾಯಿತೆಂದು ಬಿಟ್ಟಿದ್ದೆವು. ಅಕ್ಕನ ಮಗ ಮಾತು ಕಲಿತದ್ದು ತೀರ ತಡವಾಗಿ. ಅದಕ್ಕೆ ಏನೇನೋ ಕಾರಣ ಹೇಳುತ್ತಿದ್ದರು. ಆ ವೈದ್ಯೆ ಈ ಮೂರನ್ನೂ ಒಂದೇ ಗೆರೆಯಿಂದ ಸೇರಿಸಿದರು. ಪರೀಕ್ಷೆಯಲ್ಲಿ ಎಫ್‌ಎಮ್‌ಆರ್1 ಜೀನಿನ ಪೂರ್ವವಿಕೃತಿ ಸಿಕ್ಕಿತು.

ಅಪ್ಪನ ನಡುಕದಿಂದಲೇ ನನ್ನ ಮುಟ್ಟಿನ ಕಾರಣ ತಿಳಿಯಬಹುದಿತ್ತೆಂದು ಯಾರಿಗೂ ಹೊಳೆದಿರಲಿಲ್ಲ. ದಯವಿಟ್ಟು ಅಪ್ಪನ ಕಡೆಯವರನ್ನೂ ಕೇಳಿ, ಸೋದರತ್ತೆಯರನ್ನು, ಅವರ ಮಕ್ಕಳನ್ನು.

ತಳಿವಿಜ್ಞಾನದ ಪ್ರಾಧ್ಯಾಪಕಿ

ಇವರು ಹೇಳಿದ್ದನ್ನು ಸ್ವಲ್ಪ ಬಿಡಿಸುತ್ತೇನೆ. ಎಕ್ಸ್ ವರ್ಣತಂತುವಿನಲ್ಲಿರುವ ಆ ಜೀನಿನಲ್ಲಿ ಸಿಜಿಜಿ ಎಂಬ ಮೂರಕ್ಷರದ ತುಣುಕು ಮತ್ತೆ ಮತ್ತೆ ಬರುತ್ತದೆ. 55ರಿಂದ 200 ಸಲ ಬಂದರೆ ಅದು ಪೂರ್ವವಿಕೃತಿ, ವಯಸ್ಸಾದ ಗಂಡಸರಲ್ಲಿ ನಡುಕವನ್ನೂ ತೂಕ ತಪ್ಪುವುದನ್ನೂ ಅದು ತರಬಲ್ಲದು; 200 ದಾಟಿದರೆ ಫ್ರಜೈಲ್ ಎಕ್ಸ್ ಸಿಂಡ್ರೋಮ್, ಅಂದರೆ ಮಗುವಿನ ಮಾತು ಮತ್ತು ಬುದ್ಧಿಯ ಬೆಳವಣಿಗೆ ಹಿಂದುಳಿಯುವ ಸ್ಥಿತಿ. ಪೂರ್ವವಿಕೃತಿಯಿರುವ ಮಹಿಳೆಯರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ 40ರೊಳಗೆ ಅಂಡಾಶಯ ಸೋಲುತ್ತದೆ. ತಂದೆಗೆ ಇರುವುದು ಒಂದೇ ಎಕ್ಸ್ ಆದ್ದರಿಂದ ಅವನಿಂದ ಎಲ್ಲ ಹೆಣ್ಣುಮಕ್ಕಳಿಗೂ ಅದು ದಾಟುತ್ತದೆ, ಗಂಡುಮಕ್ಕಳಿಗೆ ದಾಟುವುದಿಲ್ಲ. ಮುಂದೆ ಮಗಳ ಅಂಡದಲ್ಲಿ ಅದು ಉದ್ದವಾಗಿ ಬೆಳೆದು ಮೊಮ್ಮಗನಲ್ಲಿ ಪೂರ್ಣರೂಪ ತಾಳಬಲ್ಲದು. ಬೇಗ ಮುಟ್ಟು ನಿಲ್ಲುವುದಕ್ಕೆ ಕಾರಣಗಳು ಇನ್ನೂ ಹಲವು ಇವೆ. ಒಂದು ಎಕ್ಸ್ ವರ್ಣತಂತು ಪೂರ್ತಿಯಾಗಿ ಇಲ್ಲವೇ ಭಾಗಶಃ ಇಲ್ಲದಿರುವ ಟರ್ನರ್ ಸಿಂಡ್ರೋಮ್, ದೇಹ ತನ್ನನ್ನೇ ವಿರೋಧಿಸುವ ಆಟೊಇಮ್ಯೂನ್ ಕಾಯಿಲೆಗಳು, ಕ್ಯಾನ್ಸರ್ ಚಿಕಿತ್ಸೆ ಅವುಗಳಲ್ಲಿ ಕೆಲವು.

ಸ್ತ್ರೀರೋಗ ತಜ್ಞೆ

ಒಂದು ಮಾತು ಸೇರಿಸಲೇಬೇಕು. 40ರೊಳಗೆ ನಿಂತವರು ಬಿಸಿಯೇರದಿದ್ದರೂ, ಯಾವ ತೊಂದರೆ ಇಲ್ಲದಿದ್ದರೂ ಚಿಕಿತ್ಸೆಯಿಲ್ಲದೆ ಸುಮ್ಮನಿರಬಾರದು. ಹತ್ತು ಹದಿನೈದು ವರ್ಷ ಮೊದಲೇ ಈಸ್ಟ್ರೋಜನ್ ಕಳೆದುಕೊಂಡ ಮೂಳೆಗೂ ಹೃದಯಕ್ಕೂ ಅದರ ಬೆಲೆ ತೆರಬೇಕಾಗುತ್ತದೆ. ತಡೆಯುವ ಕಾರಣವಿಲ್ಲದಿದ್ದರೆ, ಸಹಜವಾಗಿ ನಿಲ್ಲುತ್ತಿದ್ದ ಐವತ್ತರ ವಯಸ್ಸಿನವರೆಗಾದರೂ ಹಾರ್ಮೋನ್ ತೆಗೆದುಕೊಳ್ಳಲು ಸಲಹೆ ನೀಡುತ್ತೇವೆ. 52ರವರಿಗೆ ಕೊಡುವಾಗ ತೂಗಿನೋಡುವ ಲಾಭನಷ್ಟವನ್ನು 34ರವರಿಗೆ ಹಾಗೆಯೇ ಅನ್ವಯಿಸಿ ಹೆದರಿಸುವುದು ತಪ್ಪು.

ಶಸ್ತ್ರಚಿಕಿತ್ಸೆಯಾದ ಸದಸ್ಯೆ

ನನ್ನದು ಬಿಆರ್‌ಸಿಎ1, ಅಂದರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಅಪಾಯವನ್ನು ಏರಿಸುವ ಜೀನ್ ವಿಕೃತಿ. ಅದೂ ಬಂದದ್ದು ಅಪ್ಪನಿಂದ. ಸೋದರತ್ತೆ ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡರು. 39ಕ್ಕೆ ಅಂಡಾಶಯ ಮತ್ತು ನಾಳಗಳನ್ನು ತೆಗೆಸಿಕೊಂಡೆ. ಉಳಿದವರಿಗೆ ವರ್ಷಗಟ್ಟಲೆ ಆಗುವುದು ನನಗೆ ಒಂದು ವಾರದಲ್ಲಿ ಆಯಿತು: ಕಣ್ಣು ಮರಳು ಬಿದ್ದಂತೆ ಒಣಗಿತು, ಬೆಳಿಗ್ಗೆ ಎದ್ದರೆ ಬೆರಳು ಮಡಿಸಲಾಗುತ್ತಿರಲಿಲ್ಲ, ಯಾರ ಮೇಲೋ ಇಲ್ಲದ ಸಿಟ್ಟು. ಶಸ್ತ್ರಚಿಕಿತ್ಸೆಯ ಮುನ್ನ ಗಾಯದ ಆರೈಕೆಯನ್ನು ಮೂರು ಸಲ ವಿವರಿಸಿದರು, ಇದನ್ನು ಒಂದು ಸಲವೂ ಹೇಳಲಿಲ್ಲ. ನಿರ್ಧಾರದ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಮುಂದೆ ಹೋಗುವವರು ಮೊದಲೇ ಕೇಳಿ ತಿಳಿದುಕೊಳ್ಳಲಿ ಎಂದು ಬರೆದೆ.

ಓದುಗರೊಬ್ಬರು

ಹಾಗಾದರೆ ನಾವೆಲ್ಲರೂ ಮನೆಯಿಂದಲೇ ಎಂಜಲು ಕಳುಹಿಸಿ ಮಾಡಿಸುವ ಜೀನ್ ಪರೀಕ್ಷೆಯನ್ನು ಮಾಡಿಸಬಹುದೇ?

ತಳಿವಿಜ್ಞಾನದ ಪ್ರಾಧ್ಯಾಪಕಿ

ಋತುಬಂಧದ ವಯಸ್ಸು ತಿಳಿಯುವುದಕ್ಕಾಗಿ ನಾನು ಹಾಗೆ ಹೇಳಲಾರೆ. 290 ತಾಣಗಳಲ್ಲಿ ಹೆಚ್ಚಿನವು ಒಂದೊಂದೂ ಕೆಲವು ವಾರಗಳಷ್ಟೋ ತಿಂಗಳುಗಳಷ್ಟೋ ಮಾತ್ರ ಹಿಂದೆಮುಂದೆ ಮಾಡುವಂಥವು. ಮೇಲಾಗಿ ಇಂಥ ಕಿಟ್‌ಗಳಲ್ಲಿ ಕೆಲವು ಬಿಆರ್‌ಸಿಎ ಜೀನಿನ ಆಯ್ದ ಕೆಲವೇ ವಿಕೃತಿಗಳನ್ನು ನೋಡಿ "ಇಲ್ಲ" ಎಂದು ವರದಿ ಕೊಡುತ್ತವೆ. ಆ ಜೀನುಗಳಲ್ಲಿ ಗೊತ್ತಿರುವ ವಿಕೃತಿಗಳು ಸಾವಿರಾರು, ಹಾಗಾಗಿ ಆ "ಇಲ್ಲ"ವನ್ನು ನಂಬಿ ನಿಶ್ಚಿಂತರಾಗುವುದು ಅಪಾಯ. 40ರೊಳಗೆ ಮುಟ್ಟು ನಿಂತಿದ್ದರೆ, ಅಥವಾ ಹತ್ತಿರದ ರಕ್ತಸಂಬಂಧಿಗಳಲ್ಲಿ ಅಂಡಾಶಯದ ಕ್ಯಾನ್ಸರ್ ಇಲ್ಲವೇ ಚಿಕ್ಕ ವಯಸ್ಸಿನ ಸ್ತನಕ್ಯಾನ್ಸರ್ ಇದ್ದರೆ, ತಳಿ ಸಮಾಲೋಚಕರನ್ನು ಕಂಡು ಅವರ ಮೂಲಕ ಪರೀಕ್ಷೆ ಮಾಡಿಸಿ. ರಕ್ತ ಹೆಪ್ಪುಗಟ್ಟಿದ ಚರಿತ್ರೆ ಮನೆತನದಲ್ಲಿದ್ದರೆ ಅದನ್ನೂ ಹೇಳಿ. ಫ್ಯಾಕ್ಟರ್ ಫೈವ್ ಲೈಡನ್ ಎಂಬ ವಿಕೃತಿಯಿರುವವರಿಗೆ ನುಂಗುವ ಈಸ್ಟ್ರೋಜನ್ ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತದೆ, ಅಂಥವರಿಗೆ ಚರ್ಮಕ್ಕೆ ಅಂಟಿಸುವ ಪಟ್ಟಿಯ ರೂಪವನ್ನು ವೈದ್ಯರು ಪರಿಗಣಿಸುತ್ತಾರೆ.

ಚರ್ಚೆ ಆರಂಭಿಸಿದವರು

ಎಲ್ಲರಿಗೂ ಕೃತಜ್ಞತೆಗಳು. ಪರೀಕ್ಷೆಯಲ್ಲಿ ನನ್ನ ಕಬ್ಬಿಣಾಂಶ ಬಹಳ ಕಡಿಮೆಯಿದೆಯೆಂದು ತಿಳಿಯಿತು, ಥೈರಾಯ್ಡ್ ಸಕ್ಕರೆ ಎರಡೂ ಸರಿಯಿವೆ. ಮಾತ್ರೆ ಶುರುವಾಗಿದೆ, ಭುಜಕ್ಕೆ ವ್ಯಾಯಾಮ ನಡೆದಿದೆ, ಹಾರ್ಮೋನ್ ಬಗ್ಗೆ ಮುಂದಿನ ವಾರ ಮಾತಾಡುವವರಿದ್ದೇವೆ.

ನಿನ್ನೆ ಅಮ್ಮನನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಇದನ್ನು ಇದುವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ" ಎಂದರು. 41ಕ್ಕೆ ಅವರ ಗರ್ಭಕೋಶ ತೆಗೆದಿದ್ದರು. ನಾನಾಗ ಹಾಸ್ಟೆಲಿನಲ್ಲಿದ್ದೆ, ಹೊಟ್ಟೆಯ ಆಪರೇಷನ್ ಎಂದಷ್ಟೇ ನನಗೆ ತಿಳಿಸಿದ್ದರು. ಅಂಡಾಶಯಗಳನ್ನೂ ತೆಗೆದಿದ್ದರೇ ಎಂದರೆ ಅಮ್ಮನಿಗೆ ಗೊತ್ತಿಲ್ಲ. ಹಳೆಯ ಕಾಗದಗಳ ಟ್ರಂಕು ತೆರೆದು ಇಬ್ಬರೂ ಕುಳಿತು ಹುಡುಕಿದೆವು. ಮಡಿಕೆಗಳಲ್ಲಿ ಹರಿದಿದ್ದ ಡಿಸ್ಚಾರ್ಜ್ ಚೀಟಿಯಲ್ಲಿ, ಎರಡೂ ಅಂಡಾಶಯಗಳನ್ನು ಉಳಿಸಲಾಗಿದೆಯೆಂದು ಬರೆದಿತ್ತು. ಹಾಗಾದರೆ 41 ಎಂಬುದು ನನ್ನ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲವೇ ಡಾಕ್ಟರೇ? ಆಮೇಲೆ ಅಮ್ಮ ತಾವಾಗಿಯೇ ಹೇಳಿದರು: ತಮ್ಮ ತಂಗಿಯ ಮದುವೆಯ ವರ್ಷ, ಅಂದರೆ 47ನೇ ವಯಸ್ಸಿನಲ್ಲಿ, ರಾತ್ರಿಯೆಲ್ಲ ಕುತ್ತಿಗೆಯ ಹಿಂದೆ ಬೆವರುತ್ತಿತ್ತಂತೆ, ಜ್ವರವೆಂದು ತಿಳಿದು ಹೊದಿಕೆ ಹೊದ್ದು ಮಲಗುತ್ತಿದ್ದರಂತೆ. ಚೀಟಿಯ ಹಿಂಬದಿಯಲ್ಲಿ ಅದನ್ನು ಬರೆದಿಟ್ಟುಕೊಂಡಿದ್ದೇನೆ. ಭಾನುವಾರ ಸೋದರತ್ತೆಗೆ ಫೋನ್ ಮಾಡಬೇಕು.

ಸ್ತ್ರೀರೋಗ ತಜ್ಞೆ

ಸರಿಯಾಗಿಯೇ ತಿಳಿದುಕೊಂಡಿದ್ದೀರಿ. 41 ಅವರ ಋತುಬಂಧದ ವಯಸ್ಸಲ್ಲ, ಗರ್ಭಕೋಶ ಇಲ್ಲದ ಕಾರಣ ಮುಟ್ಟು ನಿಂತ ವಯಸ್ಸು ಮಾತ್ರ. ಬೆವರು ಶುರುವಾದ 47ನ್ನು ನಿಮ್ಮ ವೈದ್ಯರಿಗೆ ಹೇಳಿ, ಚೀಟಿಯನ್ನೂ ಜೊತೆಗೆ ಒಯ್ಯಿರಿ. ತಾಯಿಯವರ ಮೂಳೆಯ ಸಾಂದ್ರತೆಯನ್ನು ಇದುವರೆಗೆ ನೋಡಿಸಿಲ್ಲವಾದರೆ ಅವರನ್ನೂ ಕರೆದುಕೊಂಡು ಹೋಗಿ.